ಡಿಸ್ನಿ ವರ್ಲ್ಡ್‌ನಲ್ಲಿ ನೆಮ್ಮದಿಯ ನಿದ್ದೆ: ಹೋಟೆಲಿನ ಹೆಸರಿಗಿಂತ ರೂಮು ಎಲ್ಲಿದೆ ಅನ್ನುವುದು ಮುಖ್ಯ

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಅಪ್ಪ, ಅಮ್ಮ ದಾವಣಗೆರೆಯಿಂದ ಮಾರ್ಚಿನಲ್ಲಿ ಬಂದು ಸೆಪ್ಟೆಂಬರ್‌ವರೆಗೆ ಇರುತ್ತಾರೆ. ಏಳು ವರ್ಷದ ಮಗಳು, ಒಂದೂವರೆ ವರ್ಷದ ಮಗ ಸೇರಿ ಆರು ಜನ ಐದು ರಾತ್ರಿಗೆ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗಬೇಕೆಂದಿದ್ದೇವೆ. ಅಪ್ಪನಿಗೆ ಸಣ್ಣ ಸದ್ದಾದರೂ ಎಚ್ಚರವಾಗುತ್ತದೆ, ಒಮ್ಮೆ ಎದ್ದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು. ಮಗು ಮಧ್ಯಾಹ್ನ ಮಲಗಲೇಬೇಕು. ನಾವು ಸಸ್ಯಾಹಾರಿಗಳು. ಏಪ್ರಿಲ್ ರಜೆಗೆ ಹೋಗೋಣವೋ, ಆಗಸ್ಟ್ ಕೊನೆಗೋ? ಡಿಸ್ನಿ ಒಳಗಿನ ಹೋಟೆಲೋ, ಹೊರಗಿನದೋ? ಗದ್ದಲವಿಲ್ಲದ ಹೋಟೆಲ್ ಯಾವುದು?

ಉತ್ತರ: ಅಲ್ಲಿನ ಒಂದೇ ಹೋಟೆಲಿನ ಎರಡು ರೂಮುಗಳ ನಡುವಿನ ವ್ಯತ್ಯಾಸ, ಎರಡು ಹೋಟೆಲುಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಪೋರ್ಟ್ ಆರ್ಲಿಯನ್ಸ್ ರಿವರ್‌ಸೈಡ್‌ನಲ್ಲಿ 2,048 ರೂಮುಗಳಿವೆ, ಪಾಪ್ ಸೆಂಚುರಿಯಲ್ಲಿ 2,880. ಅವು ಹೆಸರಿಗೆ ಹೋಟೆಲು, ಅಳತೆಯಲ್ಲಿ ಒಂದೊಂದು ಬಡಾವಣೆ. ಬಡಾವಣೆಯಲ್ಲಿ ಬಸ್ ಸ್ಟ್ಯಾಂಡಿನ ಎದುರಿನ ಮನೆಯೂ ಇರುತ್ತದೆ, ಕೊನೆಯ ಅಡ್ಡರಸ್ತೆಯ ಮನೆಯೂ ಇರುತ್ತದೆ. ಆದ್ದರಿಂದ ಹೋಟೆಲಿನ ಹೆಸರು ಹೇಳುವ ಮೊದಲು ಸದ್ದು ಯಾವಾಗ, ಎಲ್ಲಿಂದ ಬರುತ್ತದೆ ಎಂದು ಹೇಳುತ್ತೇನೆ.

ಥೀಮ್ ಪಾರ್ಕ್ ಊರಿನ ಗದ್ದಲಕ್ಕೆ ವೇಳಾಪಟ್ಟಿ ಇರುತ್ತದೆ. ಡಿಸ್ನಿ ಹೋಟೆಲುಗಳಲ್ಲಿ ಉಳಿದವರನ್ನು ಪಾರ್ಕಿನೊಳಗೆ ಅರ್ಧ ಗಂಟೆ ಮೊದಲೇ ಬಿಡುತ್ತಾರೆ. ಅದಕ್ಕೆ ಓಡುವವರು ಬೆಳಿಗ್ಗೆ ಆರೂವರೆಯಿಂದಲೇ ಬಾಗಿಲು ಬಡಿಯುತ್ತಾರೆ, ಮಕ್ಕಳನ್ನು ಕೂಗುತ್ತಾರೆ, ಸ್ಟ್ರೋಲರ್ ಉರುಳಿಸುತ್ತಾರೆ. ಒಂಬತ್ತು ಗಂಟೆಗೆ ಅದು ನಿಂತು ಸ್ವಚ್ಛತೆಯವರ ಗಾಡಿ, ವ್ಯಾಕ್ಯೂಮ್ ಶುರು. ಮಧ್ಯಾಹ್ನ ಒಂದರಿಂದ ಐದರವರೆಗೆ ಈಜುಕೊಳದ ಹೊತ್ತು: ಸ್ಪೀಕರ್, ಮಕ್ಕಳ ಕೇಕೆ, ಆಟ ಆಡಿಸುವವರ ಮೈಕು. ರಾತ್ರಿ ಬಾಣಬಿರುಸು ಮುಗಿದ ಮೇಲೆ ಬಸ್ಸುಗಳು ತುಂಬಿ ಬರುತ್ತವೆ, ಹತ್ತರಿಂದ ಹನ್ನೆರಡರವರೆಗೆ ಕಾರಿಡಾರಿನಲ್ಲಿ ಜನ. ನಿಮ್ಮ ತಂದೆಯವರಿಗೆ ತೊಂದರೆ ಕೊಡುವುದು ಕಾರಿಡಾರು ಮತ್ತು ಮೇಲಿನ ಮಹಡಿ, ಮಗುವಿಗೆ ಈಜುಕೊಳ ಮತ್ತು ಸ್ವಚ್ಛತೆಯವರು. ಎರಡಕ್ಕೂ ಒಂದೇ ರೂಮು ಹೊಂದಬೇಕು, ಜೊತೆಗೆ ಲಿಫ್ಟೂ ಬೇಕು.

ಇಲ್ಲಿ ಹೆಚ್ಚಿನವರು ಎಡವುವುದು ‘ಪ್ರಿಫರ್ಡ್’ ಎಂಬ ದರ್ಜೆಯಲ್ಲಿ. ಹೆಚ್ಚು ಹಣ ಕೊಟ್ಟರೆ ಒಳ್ಳೆಯ ರೂಮು ಸಿಗುತ್ತದೆ ಎಂದುಕೊಳ್ಳುತ್ತಾರೆ. ಆ ಹೆಚ್ಚುವರಿ ಹಣಕ್ಕೆ ಸಿಗುವುದು ಲಾಬಿ, ಊಟದ ಹಾಲ್, ಬಸ್ ನಿಲ್ದಾಣಗಳ ಸಾಮೀಪ್ಯ. ಗದ್ದಲದ ಕೇಂದ್ರವೂ ಅದೇ. ಪೂಲ್ ವ್ಯೂ ಕೂಡ ಹಾಗೆಯೇ. ಪಾರ್ಕಿಂಗ್ ಕಡೆ ಅಥವಾ ಮರಗಳ ಕಡೆ ಮುಖಮಾಡಿದ, ಎಲ್ಲಕ್ಕಿಂತ ಅಗ್ಗದ ‘ಸ್ಟ್ಯಾಂಡರ್ಡ್ ವ್ಯೂ’ ರೂಮು ಮಧ್ಯಾಹ್ನ ಮಲಗುವ ಮಗುವಿಗೆ ಎಷ್ಟೋ ಮೇಲು. ನಿದ್ದೆ ಬೇಕಾದವರು ಆ ಹೆಚ್ಚುವರಿ ಡಾಲರ್ ಕೊಡಲೇಬಾರದು.

ಎರಡನೆಯದು ಕಾರಿಡಾರಿನ ಬಗೆ. ಡಿಸ್ನಿಯ ‘ವ್ಯಾಲ್ಯೂ’ ಎಂಬ ಅಗ್ಗದ ದರ್ಜೆಯ ಹೋಟೆಲುಗಳಲ್ಲಿ (ಮೂರು ಆಲ್‌ಸ್ಟಾರ್‌ಗಳು, ಪಾಪ್ ಸೆಂಚುರಿ) ಮತ್ತು ‘ಮಾಡರೇಟ್’ ಎಂಬ ಮಧ್ಯಮ ದರ್ಜೆಯ ಬಹುಪಾಲಿನಲ್ಲಿ ರೂಮಿನ ಬಾಗಿಲು, ಕಿಟಕಿ ಎರಡೂ ಹೊರಗಿನ ಜಗಲಿಗೇ ತೆರೆಯುತ್ತವೆ. ಓಡಾಡುವವರು ನಿಮ್ಮ ಹಾಸಿಗೆಯಿಂದ ಕೆಲವೇ ಅಡಿ ದೂರದಲ್ಲಿ ಹಾದುಹೋಗುತ್ತಾರೆ. ಆರ್ಟ್ ಆಫ್ ಅನಿಮೇಶನ್‌ನ ಆರು ಜನರ ಫ್ಯಾಮಿಲಿ ಸೂಟ್‌ಗಳಿಗೆ, ಕೊರೊನಾಡೊ ಸ್ಪ್ರಿಂಗ್ಸ್‌ನಲ್ಲಿ 2019ರಲ್ಲಿ ತೆರೆದ 15 ಅಂತಸ್ತಿನ ಗ್ರ್ಯಾನ್ ಡೆಸ್ಟಿನೊ ಟವರ್‌ಗೆ ಮತ್ತು ಹೆಚ್ಚಿನ ಡೀಲಕ್ಸ್ ಹೋಟೆಲುಗಳಿಗೆ ಒಳ ಕಾರಿಡಾರ್ ಇದೆ. ಒಳ ಕಾರಿಡಾರಿನಲ್ಲಿ ಬಾಗಿಲು ಬಡಿದ ಸದ್ದು ಗುಂಯ್‌ಗುಡುತ್ತದೆ, ಆದರೆ ಕಿಟಕಿಯ ಕಡೆ ಸಂಪೂರ್ಣ ನಿಮ್ಮದು.

ಮೂರನೆಯದು ನೆಲ. ಕಳೆದ ಕೆಲವು ವರ್ಷಗಳ ನವೀಕರಣದಲ್ಲಿ ಅನೇಕ ಹೋಟೆಲುಗಳು ಕಾರ್ಪೆಟ್ ತೆಗೆದು ಮರದಂತೆ ಕಾಣುವ ಗಟ್ಟಿ ಹಲಗೆ ಹಾಕಿವೆ. ಧೂಳಿಲ್ಲ, ನೋಡಲು ಚೆಂದ. ಆದರೆ ಮೇಲಿನ ರೂಮಿನವರು ಕುರ್ಚಿ ಎಳೆದರೂ, ಮಗು ಓಡಿದರೂ ಕೆಳಗೆ ನೇರವಾಗಿ ಕೇಳಿಸುತ್ತದೆ. ಹೀಗಾಗಿ ಲಿಫ್ಟ್ ಇರುವ ಕಟ್ಟಡದ ಕೊನೆಯ ಮಹಡಿಯನ್ನೇ ಕೇಳಿ. ಗ್ರ್ಯಾನ್ ಡೆಸ್ಟಿನೊ ಇದಕ್ಕೆ ಅಪವಾದ. ಅದರ ನೆತ್ತಿಯ ಮೇಲೆ ರೆಸ್ಟೊರೆಂಟ್ ಇರುವುದರಿಂದ ಒಂದೆರಡು ಮಹಡಿ ಬಿಟ್ಟು ಕೆಳಗಿರಲಿ.

ಇನ್ನು ತಿಂಗಳು. ಆಗಸ್ಟ್ ಕೊನೆಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಆರ್ಲಾಂಡೊ ಸುತ್ತಲಿನ ಶಾಲೆಗಳು ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಶುರುವಾಗಿಬಿಡುತ್ತವೆ, ನ್ಯೂಜೆರ್ಸಿಯದು ಹೆಚ್ಚಾಗಿ ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರ) ಆದಮೇಲೆ. ನಡುವಿನ ಆ ಎರಡು ಮೂರು ವಾರ ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು: ಹೋಟೆಲಿನಲ್ಲಿ ಜನ ಕಡಿಮೆ, ದರ ಕಡಿಮೆ, ಪಕ್ಕದ ರೂಮು ಖಾಲಿ ಇರುವ ಸಂಭವ ಹೆಚ್ಚು. ಲೇಬರ್ ಡೇ ವಾರಾಂತ್ಯವನ್ನು ಮಾತ್ರ ತಪ್ಪಿಸಿ. ಏಪ್ರಿಲ್‌ನಲ್ಲಿ ಈಸ್ಟರ್ ಮತ್ತು ಸ್ಪ್ರಿಂಗ್ ಬ್ರೇಕ್ (ಶಾಲೆಗಳ ವಸಂತದ ರಜೆ) ಸೇರಿ ಸಾಮಾನ್ಯವಾಗಿ ಎಲ್ಲ ಭರ್ತಿ. ತಿಂಗಳ ಕೊನೆಗೆ ಚಿಯರ್‌ಲೀಡಿಂಗ್ ಸ್ಪರ್ಧೆಗಳು ಬರುತ್ತವೆ. ನೂರಾರು ಹದಿಹರೆಯದವರ ತಂಡಗಳು ಹೆಚ್ಚಾಗಿ ಆಲ್‌ಸ್ಟಾರ್ ಹೋಟೆಲುಗಳಲ್ಲಿ ಇಳಿಯುತ್ತವೆ. ಮುಂದೆ ಎಂದಾದರೂ ಜನವರಿಯಲ್ಲಿ ಹೋಗುವುದಾದರೆ ಮ್ಯಾರಥಾನ್ ವಾರಾಂತ್ಯ ಬೇಡ, ಓಟಗಾರರು ನಸುಕಿನ ಮೂರಕ್ಕೇ ಎದ್ದು ಹೊರಡುತ್ತಾರೆ.

ಆಗಸ್ಟ್‌ಗೂ ಬೆಲೆ ಇದೆ. ಬಿಸಿಲು 33 ಡಿಗ್ರಿ, ದಾವಣಗೆರೆಯ ಒಣ ಬಿಸಿಲಲ್ಲ, ಮಂಗಳೂರಿನ ಮೇ ತಿಂಗಳ ಬೆವರು. ಮಧ್ಯಾಹ್ನ ಎರಡರ ಮೇಲೆ ಗುಡುಗು ಮಳೆ ಸಾಮಾನ್ಯ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆದ್ದರಿಂದ ರದ್ದು ಮಾಡಿದರೆ ಹಣ ವಾಪಸ್ ಬರುವಂಥ ಬುಕಿಂಗ್ ಮಾಡಿ, ಇಲ್ಲವೇ ಪ್ರಯಾಣ ವಿಮೆ ಮಾಡಿಸಿ.

ಈಗ ನಿಮಗೆ ಹೊಂದುವ ಹೋಟೆಲುಗಳು. ನನ್ನ ಮೊದಲ ಆಯ್ಕೆ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿಡಾನಿ ವಿಲೇಜ್. ಎಲ್ಲ ಪಾರ್ಕುಗಳ ಜಂಗುಳಿಯಿಂದ ದೂರ, ಒಳ ಕಾರಿಡಾರ್, ಲಿಫ್ಟ್, ಹಲವು ರೂಮುಗಳ ಬಾಲ್ಕನಿಯ ಕೆಳಗೆ ಜಿರಾಫೆ, ಜೀಬ್ರಾ ಮೇಯುವ ಹುಲ್ಲುಗಾವಲು. ಎರಡು ಬೆಡ್‌ರೂಮಿನ ವಿಲ್ಲಾದಲ್ಲಿ ಒಂಬತ್ತು ಜನ ಮಲಗಬಹುದು, ಮೂರು ಬಾತ್‌ರೂಮ್, ಪೂರ್ತಿ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ. ತಂದೆಯವರ ಕೋಣೆಯ ಬಾಗಿಲು ಮುಚ್ಚಿದರೆ ಹೊರಗಿನ ಕಾರಿಡಾರಿಗೂ ಅವರ ಹಾಸಿಗೆಗೂ ನಡುವೆ ಎರಡು ಬಾಗಿಲಾಯಿತು. ಈ ಒಂದು ಅನುಕೂಲ ಯಾವ ಸಾಮಾನ್ಯ ಹೋಟೆಲ್ ರೂಮಿನಲ್ಲೂ ಇಲ್ಲ. ಕುಕ್ಕರ್ ಒಯ್ದರೆ ಅನ್ನ ಸಾರು ಅಲ್ಲೇ. ಕೆಳಗಿನ ಸನಾ ರೆಸ್ಟೊರೆಂಟಿನಲ್ಲಿ ಆಫ್ರಿಕಾ ಮತ್ತು ಭಾರತದ ರುಚಿ ಸೇರಿಸಿದ ಅಡುಗೆ, ನಾನ್ ಜೊತೆ ಹಲವು ಬಗೆಯ ಚಟ್ನಿ, ಉಪ್ಪಿನಕಾಯಿ, ರಾಯ್ತಾ ಇರುವ ತಟ್ಟೆ ಸಿಗುತ್ತದೆ. ಅಮ್ಮನವರಿಗೆ ಬಹುಶಃ ಅದೇ ದೊಡ್ಡ ಸಮಾಧಾನ.

ಕಿಡಾನಿಯ ಕೊರತೆ ಎರಡು. ಪಾರ್ಕುಗಳಿಗೆ ಡಿಸ್ನಿಯ ಸಾರಿಗೆ ಎಂದರೆ ಬಸ್ ಮಾತ್ರ. ಕಾರಿಡಾರುಗಳು ತುಂಬ ಉದ್ದ, ಕೊನೆಯ ರೂಮು ಸಿಕ್ಕರೆ ಮಂಡಿನೋವಿನವರಿಗೆ ಕಷ್ಟ. ಹಾಗೆಂದು ಲಿಫ್ಟ್‌ನ ಎದುರಿನ ರೂಮೂ ಬೇಡ. ಅಲ್ಲಿ ರಾತ್ರಿ ಜನ ಗುಂಪುಗಟ್ಟಿ ಕಾಯುತ್ತಾರೆ. ಲಿಫ್ಟ್‌ನಿಂದ ಐದಾರು ಬಾಗಿಲು ಆಚೆ, ಮೇಲಿನ ಮಹಡಿ ಎಂದು ಕೇಳಿ. ದರ ಹೆಚ್ಚು ಅನಿಸಿದರೆ ಡಿಸ್ನಿ ವೆಕೇಶನ್ ಕ್ಲಬ್ ಸದಸ್ಯರು ಇಂಥ ವಿಲ್ಲಾಗಳಲ್ಲಿ ಉಳಿಯಲು ಬಳಸುವ ಪಾಯಿಂಟುಗಳನ್ನು ಅವರಿಂದ ಬಾಡಿಗೆಗೆ ಪಡೆಯುವ ದಾರಿಯಿದೆ. ಡಿಸ್ನಿಯ ದರಕ್ಕಿಂತ ಎಷ್ಟೋ ಕಡಿಮೆಗೆ ಬೀಳುತ್ತದೆ, ಆದರೆ ಸಾಮಾನ್ಯವಾಗಿ ಹಣ ವಾಪಸಿಲ್ಲ. ಚಂಡಮಾರುತದ ಕಾಲದಲ್ಲಿ ವಿಮೆಯಿಲ್ಲದೆ ಇದಕ್ಕೆ ಕೈಹಾಕಬೇಡಿ.

ಎರಡನೆಯದು ಓಲ್ಡ್ ಕೀ ವೆಸ್ಟ್. 1991ರದು, ಗಾಲ್ಫ್ ಮೈದಾನದ ನಡುವೆ ಚದುರಿದ ಎರಡು ಮೂರು ಅಂತಸ್ತಿನ ಕಟ್ಟಡಗಳು, ವಿಶಾಲವಾದ ವಿಲ್ಲಾಗಳು. ಬರೀ ನಿದ್ದೆಯನ್ನು ನೋಡಿದರೆ ಇದೇ ಮೊದಲಿಗೆ ಬರಬೇಕು. ತೊಡಕು ಲಿಫ್ಟಿನದು: 62, 63, 64ನೆಯ ಕಟ್ಟಡಗಳಲ್ಲಿ ಮಾತ್ರ ಇದೆ, ಉಳಿದೆಡೆ ಮೆಟ್ಟಿಲೇ. ಆ ಮೂರರಲ್ಲಿ ಒಂದು ಬೇಕೆಂದು, ವಯಸ್ಸಾದವರಿಗೆ ಮೆಟ್ಟಿಲು ಹತ್ತಲಾಗದು ಎಂಬ ಕಾರಣ ಸಹಿತ, ಬುಕ್ ಮಾಡಿದ ದಿನವೇ ಬರೆಸಿ. ಸಿಗದಿದ್ದರೆ ನೆಲಮಹಡಿ ತೆಗೆದುಕೊಳ್ಳಬೇಕಾಗುತ್ತದೆ, ಆಗ ತಲೆಯ ಮೇಲೆ ಹೆಜ್ಜೆಸದ್ದು ಖಂಡಿತ.

ಕೈಗೆಟುಕುವ ಬೆಲೆಯಲ್ಲಿ ಪೋರ್ಟ್ ಆರ್ಲಿಯನ್ಸ್ ಫ್ರೆಂಚ್ ಕ್ವಾರ್ಟರ್. 1,008 ರೂಮು, ಅಲ್ಲಿನ ಲೆಕ್ಕದಲ್ಲಿ ಚಿಕ್ಕದು. ಒಂದೇ ಬಸ್ ನಿಲ್ದಾಣ, ಎಲ್ಲ ಕಟ್ಟಡಗಳಲ್ಲೂ ಲಿಫ್ಟ್, ನಡೆಯುವ ದೂರ ಕಡಿಮೆ, ಅಂಗಡಿ, ರೆಸ್ಟೊರೆಂಟುಗಳಿರುವ ಡಿಸ್ನಿ ಸ್ಪ್ರಿಂಗ್ಸ್‌ಗೆ ದೋಣಿ. ಒಂದು ರೂಮಿಗೆ ನಾಲ್ವರು ಮಾತ್ರ, ಆದ್ದರಿಂದ ಎರಡು ರೂಮು ಬೇಕು. ಎರಡು ತುದಿಗಳ ಕಟ್ಟಡ, ಕೊನೆಯ ಮಹಡಿ, ಈಜುಕೊಳದ ಕಡೆಗಲ್ಲದ ಮುಖ ಎಂದು ಕೇಳಿ. ಪಕ್ಕದ ರಿವರ್‌ಸೈಡ್ ಇಷ್ಟವಾದರೆ ಮ್ಯಾಗ್ನೋಲಿಯಾ ಬೆಂಡ್ ಭಾಗವನ್ನೇ ಕೇಳಿ. ಅಲಿಗೇಟರ್ ಬಾಯು ಭಾಗದ ಎರಡಂತಸ್ತಿನ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ.

ಬೇಡವೆನ್ನುವವನ್ನೂ ಹೇಳಿಬಿಡುತ್ತೇನೆ. ಕಂಟೆಂಪೊರರಿ ಹೋಟೆಲಿನ ಮುಖ್ಯ ಗೋಪುರದ ಒಳಗಿಂದಲೇ ಮೋನೊರೈಲು ಹೋಗುತ್ತದೆ, ನಡುವಿನ ತೆರೆದ ಅಂಗಳದಲ್ಲಿರುವ ಚೆಫ್ ಮಿಕ್ಕೀಸ್ ರೆಸ್ಟೊರೆಂಟಿನ ಗಲಾಟೆ ಮೇಲಿನ ಮಹಡಿಗಳಿಗೆ ಏರುತ್ತದೆ. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಬಾಣಬಿರುಸು ಅಲ್ಲಿಗೂ, ಗ್ರ್ಯಾಂಡ್ ಫ್ಲೋರಿಡಿಯನ್, ಪಾಲಿನೇಶಿಯನ್ ಹೋಟೆಲುಗಳಿಗೂ ಚೆನ್ನಾಗಿ ಕೇಳಿಸುತ್ತದೆ. ಹ್ಯಾಲೊವೀನ್ ಪಾರ್ಟಿಗಳು ಆಗಸ್ಟ್‌ನಲ್ಲೇ ಶುರುವಾಗುತ್ತವೆ, ಆ ರಾತ್ರಿಗಳಲ್ಲಿ ಬಾಣಬಿರುಸು ಹತ್ತು ಗಂಟೆ ದಾಟುತ್ತದೆ. ಎಪ್‌ಕಾಟ್ ಪಾರ್ಕಿನ ಪಕ್ಕದ ಬೋರ್ಡ್‌ವಾಕ್, ಬೀಚ್ ಕ್ಲಬ್, ಯಾಟ್ ಕ್ಲಬ್‌ಗಳಿಗೆ ಅಲ್ಲಿನ ಒಂಬತ್ತು ಗಂಟೆಯ ಸಿಡಿತ ತಲುಪುತ್ತದೆ. ಸಾರಟೋಗ ಸ್ಪ್ರಿಂಗ್ಸ್ ಒಟ್ಟಾರೆ ನೆಮ್ಮದಿಯದೇ, ಆದರೆ ಅದರ ಕಾಂಗ್ರೆಸ್ ಪಾರ್ಕ್ ಭಾಗ ಡಿಸ್ನಿ ಸ್ಪ್ರಿಂಗ್ಸ್‌ಗೆ ಎದುರಾಗಿದೆ, ರಾತ್ರಿಯ ಸಂಗೀತ ನೀರಿನ ಮೇಲೆ ತೇಲಿ ಬರುತ್ತದೆ. ವಿಲ್ಡರ್ನೆಸ್ ಲಾಡ್ಜ್ ಸುಂದರ ಜಾಗ. ಅದಕ್ಕೂ ಫೋರ್ಟ್ ವಿಲ್ಡರ್ನೆಸ್ ಶಿಬಿರತಾಣಕ್ಕೂ ನಡುವೆ 2027ಕ್ಕೆಂದು ಘೋಷಿಸಿರುವ ಹೊಸ ಹೋಟೆಲಿನ ಕಟ್ಟಡ ಕೆಲಸವಿದೆ, ಅದು ಮುಗಿದ ಮೇಲೆ ಹೋಗಿ.

ಹೊರಗಿನ ಹೋಟೆಲುಗಳಲ್ಲಿ ನನಗೆ ಸರಿಯೆನಿಸುವುದು ಬಾನೆಟ್ ಕ್ರೀಕ್. ಡಿಸ್ನಿ ಜಮೀನಿನ ಮಡಿಲಲ್ಲೇ ಇದ್ದರೂ ಡಿಸ್ನಿಗೆ ಸೇರದ ಜಾಗ, ಹಾದುಹೋಗುವ ವಾಹನಗಳಿಲ್ಲ. ವಿಂಡಮ್‌ನಲ್ಲಿ ಅಡುಗೆಮನೆಯಿರುವ ಎರಡು ಬೆಡ್‌ರೂಮಿನ ಫ್ಲ್ಯಾಟುಗಳಿವೆ, ಗಾಲ್ಫ್ ಮೈದಾನದ ಪಕ್ಕ ವಾಲ್ಡಾರ್ಫ್ ಅಸ್ಟೋರಿಯಾ ಇದೆ. ದಿನದ ದರದ ಮೇಲೆ ‘ರೆಸಾರ್ಟ್ ಫೀ’, ಪಾರ್ಕಿಂಗ್ ಎಂದು ಏನು ಸೇರುತ್ತದೆ ನೋಡಿಕೊಳ್ಳಿ. ಡಿಸ್ನಿ ಹೋಟೆಲುಗಳಲ್ಲಿ ಆ ಎರಡೂ ಇಲ್ಲ. ಇಂಟರ್‌ಸ್ಟೇಟ್ 4ಕ್ಕೆ ಅಂಟಿಕೊಂಡ ಅಗ್ಗದ ಹೋಟೆಲುಗಳು, ಕಿಸಿಮಿಯ 192ನೆಯ ಹೆದ್ದಾರಿಯಲ್ಲಿ ಓಲ್ಡ್ ಟೌನ್ ಎಂಬ ಮನರಂಜನಾ ತಾಣದ ಅಕ್ಕಪಕ್ಕದವು ಬೇಡ. ಓಲ್ಡ್ ಟೌನ್‌ನಲ್ಲಿ ಶನಿವಾರ ರಾತ್ರಿ ಹಳೆಯ ಕಾರುಗಳ ಮೆರವಣಿಗೆಯೇ ನಡೆಯುತ್ತದೆ.

ಬುಕ್ ಮಾಡುವ ಮೊದಲು ಹದಿನೈದು ನಿಮಿಷ ಕೂತು ಗೂಗಲ್ ಮ್ಯಾಪ್‌ನ ಉಪಗ್ರಹ ಚಿತ್ರ ತೆರೆಯಿರಿ. ದೊಡ್ಡ ಈಜುಕೊಳ, ಬಸ್ ನಿಲ್ದಾಣ, ಅಡುಗೆಮನೆಯ ಹಿಂಬದಿಗೆ ಲಾರಿ ಬರುವ ಜಾಗ, ಕಸದ ಡಬ್ಬಗಳು, ಹೆದ್ದಾರಿ: ಈ ಐದನ್ನು ಗುರುತಿಸಿ. ಐದರಿಂದಲೂ ದೂರವಿರುವ, ನಡುವೆ ಇನ್ನೊಂದು ಕಟ್ಟಡ ಅಡ್ಡ ಇರುವ ಮೂಲೆ ನಿಮಗೆ ಬೇಕಾದದ್ದು. ಮರಗಳ ಸಾಲು ಸದ್ದನ್ನು ಅಷ್ಟೇನೂ ತಡೆಯುವುದಿಲ್ಲ, ಗೋಡೆ ತಡೆಯುತ್ತದೆ. ಟೂರಿಂಗ್ ಪ್ಲಾನ್ಸ್ ಜಾಲತಾಣದಲ್ಲಿ ಡಿಸ್ನಿ ಹೋಟೆಲುಗಳ ಒಂದೊಂದು ರೂಮಿನ ಕಿಟಕಿಯಿಂದ ಕಾಣುವ ನೋಟದ ಫೋಟೋ ಇದೆ, ನೋಡಿ. ಗಿರಾಕಿಗಳ ವಿಮರ್ಶೆಗಳಲ್ಲಿ ನಕ್ಷತ್ರ ಎಣಿಸಬೇಡಿ. ‘ನಾಯ್ಸ್’, ‘ಥಿನ್ ವಾಲ್ಸ್’, ‘ಕನೆಕ್ಟಿಂಗ್ ಡೋರ್’ ಎಂದು ಹುಡುಕಿ, ಕಳೆದ ಆರು ತಿಂಗಳಿನವನ್ನು ಮಾತ್ರ ಓದಿ. ನವೀಕರಣದ ಸುತ್ತಿಗೆ ಸದ್ದು ಅಲ್ಲೇ ಮೊದಲು ತಿಳಿಯುವುದು.

ಡಿಸ್ನಿ ಹೋಟೆಲುಗಳ ಆನ್‌ಲೈನ್ ಚೆಕ್‌ಇನ್ 60 ದಿನ ಮೊದಲು ತೆರೆಯುತ್ತದೆ. ಬೇಡಿಕೆಗಳನ್ನು ಆಯ್ದುಕೊಳ್ಳುವ ಅವಕಾಶ ಅಲ್ಲಿದೆ, ಖಾತ್ರಿಯೇನೂ ಇಲ್ಲ. ಎಂಟು ಬೇಡಿಕೆ ಬರೆದರೆ ರೂಮು ಹಂಚುವವರು ಯಾವುದನ್ನು ಪೂರೈಸಿದರೂ ಅವರ ಕೆಲಸ ಮುಗಿಯಿತು. ಎರಡೇ ಕೇಳಿ: ಮೇಲಿನ ಮಹಡಿ, ಈಜುಕೊಳದಿಂದ ದೂರ. ಲಿಫ್ಟ್ ಬೇಡಿಕೆಯಲ್ಲ, ಅಗತ್ಯ. ಅದನ್ನು ಫೋನ್ ಮಾಡಿ ಬೇರೆಯಾಗಿ ಬರೆಸಿ. ‘ಕ್ವಯಟ್ ರೂಮ್’ ಎಂದಷ್ಟೇ ಬರೆದರೆ ಉಪಯೋಗವಿಲ್ಲ, ಎಲ್ಲರೂ ಬರೆಯುವುದು ಅದನ್ನೇ.

ಕನೆಕ್ಟಿಂಗ್ ಬಾಗಿಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಪಕ್ಕದವರ ಮಾತು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಎರಡು ರೂಮುಗಳ ನಡುವಿನ ಗೋಡೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಬಾಗಿಲು. ಗೋಡೆಯೊಳಗೆ ಸದ್ದು ಹೀರುವ ಪದರ ಇದ್ದರೂ ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದು ಉಳಿದಿರುತ್ತದೆ. ದೀಪ ಆರಿಸಿ ನೋಡಿ: ಪಕ್ಕದ ರೂಮಿನ ಬೆಳಕಿನ ಗೆರೆ ನೆಲದ ಮೇಲೆ ಕಂಡರೆ ಸದ್ದೂ ಬರುತ್ತದೆ. ಸ್ನಾನದ ದೊಡ್ಡ ಟವೆಲನ್ನು ಉದ್ದಕ್ಕೆ ಬಿಗಿಯಾಗಿ ಸುರುಳಿ ಸುತ್ತಿ ಆ ಸಂದಿಗೆ ಒತ್ತಿದರೆ ಟಿವಿಯ ಮಾತು ಗೊಣಗಾಟಕ್ಕೆ ಇಳಿಯುತ್ತದೆ. ನೀವು ಎರಡು ರೂಮು ತೆಗೆದುಕೊಳ್ಳುವುದಾದರೆ ಮಾತ್ರ ಆ ಬಾಗಿಲನ್ನು ಕೇಳಿ ಪಡೆಯಿರಿ. ನಿಮ್ಮ ನಿಮ್ಮ ರೂಮುಗಳ ನಡುವೆಯೇ ಅದು ಇದ್ದರೆ ಒಂದು ಕಡೆಯ ಅಪರಿಚಿತ ನೆರೆಯವರು ತಪ್ಪಿದಂತೆ, ಅಮ್ಮ ರಾತ್ರಿ ಕರೆದರೂ ಕೇಳಿಸುತ್ತದೆ. ದೂರದ ರೂಮು ತಂದೆಯವರಿಗೆ, ಲಿಫ್ಟ್ ಕಡೆಯದು ನಿಮಗೆ.

ರೂಮಿಗೆ ಹೋದ ತಕ್ಷಣ ಸೂಟ್‌ಕೇಸ್ ಬಿಚ್ಚಬೇಡಿ. ಏಸಿ ಆರಿಸಿ ಐದು ನಿಮಿಷ ಸುಮ್ಮನೆ ನಿಲ್ಲಿ. ಫ್ರಿಜ್ಜಿನ ಗೊರಗೊರ, ಗೋಡೆಯಾಚೆಯ ಐಸ್ ಯಂತ್ರ, ಲಿಫ್ಟಿನ ಮೋಟಾರು ಆಗ ಕೇಳಿಸುತ್ತವೆ. ಫೋನಿನ ಡೆಸಿಬಲ್ ಆ್ಯಪ್ ಅಂದಾಜಿಗೆ ಸಾಕು. ಮಲಗುವ ಕೋಣೆಯಲ್ಲಿ ನಿರಂತರ ಸದ್ದು 30 ಡೆಸಿಬಲ್, ಒಮ್ಮೊಮ್ಮೆ ಆಗುವ ಸದ್ದು 45 ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ. ತೊಂದರೆ ಕಂಡರೆ ಅದೇ ಗಳಿಗೆಯಲ್ಲಿ ಕೌಂಟರಿಗೆ ಹೋಗಿ, ಬಳಸದ ರೂಮನ್ನು ಬದಲಾಯಿಸುವುದು ಅವರಿಗೂ ಸುಲಭ.

ಏಸಿಯನ್ನು ನಿದ್ದೆಗೆ ನೆರವಾಗುವಂತೆ ಮಾಡಿಕೊಳ್ಳಬಹುದು. ‘ಆಟೊ’ದಲ್ಲಿಟ್ಟರೆ ನಿಲ್ಲುತ್ತದೆ, ಇಪ್ಪತ್ತು ನಿಮಿಷಕ್ಕೆ ಧಡ್ ಎಂದು ಮತ್ತೆ ಶುರುವಾಗುತ್ತದೆ. ತಂದೆಯವರನ್ನು ಎಬ್ಬಿಸುವುದು ಆ ಬದಲಾವಣೆಯೇ. ಫ್ಯಾನನ್ನು ‘ಆನ್’ಗೆ ಇಟ್ಟರೆ ರಾತ್ರಿಯಿಡೀ ಒಂದೇ ಸಮನೆ ಗಾಳಿಯ ಸದ್ದು, ಕಾರಿಡಾರಿನ ಮಾತು ಅದರೊಳಗೆ ಮುಳುಗುತ್ತದೆ. ಮಗುವಿಗೆ ವೈಟ್ ನಾಯ್ಸ್ ಯಂತ್ರ (ಒಂದೇ ಸಮನೆ ಮೆಲ್ಲನೆ ಸದ್ದು ಮಾಡುವಂಥದ್ದು) ಇಡುವುದಾದರೆ ತೊಟ್ಟಿಲಿನಿಂದ ಎರಡು ಮೀಟರ್ ದೂರ, ಕೇಳಿಸುವಷ್ಟರಲ್ಲಿ ಅತಿ ಕಡಿಮೆ ಮಟ್ಟ. ದೊಡ್ಡವರಿಗೆ ಸ್ಪಂಜಿನ ಇಯರ್‌ಪ್ಲಗ್: ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸುಮ್ಮನೆ ತುರುಕಿದರೆ ಡಬ್ಬಿಯ ಮೇಲೆ ಬರೆದ 33 ಡೆಸಿಬಲ್‌ನ ಅರ್ಧವೂ ದಕ್ಕದು.

ಮಧ್ಯಾಹ್ನದ ನಿದ್ದೆಗೆ ಇನ್ನೊಂದು ಅಡ್ಡಿ ಇದೆ, ಭಾರತದಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ಡಿಸ್ನಿ ಹೋಟೆಲುಗಳಲ್ಲಿ ‘ಡು ನಾಟ್ ಡಿಸ್ಟರ್ಬ್’ ಫಲಕವನ್ನು ತೆಗೆದು ‘ರೂಮ್ ಆಕ್ಯುಪೈಡ್’ ಎಂಬುದನ್ನು ತಂದಿದ್ದಾರೆ. ಅದನ್ನು ತೂಗುಹಾಕಿದರೂ ಸಿಬ್ಬಂದಿ ದಿನಕ್ಕೊಮ್ಮೆ ಬಾಗಿಲು ತಟ್ಟಿ ಒಳಗೆ ಬರಬಹುದು. ಬೆಳಿಗ್ಗೆಯೇ ಕೌಂಟರಿಗೆ ಫೋನ್ ಮಾಡಿ, ಹನ್ನೆರಡೂವರೆಯಿಂದ ಮೂರರವರೆಗೆ ಮಗು ಮಲಗಿರುತ್ತದೆ, ಹತ್ತು ಗಂಟೆಗೆ ಬಂದು ಹೋಗಿ ಎಂದು ಹೇಳಿಬಿಡಿ. ದಿನವೂ ಹೇಳಬೇಕು, ಪಾಳಿ ಬದಲಾಗುತ್ತಿರುತ್ತದೆ.

ಇಷ್ಟೆಲ್ಲ ಮಾಡಿಯೂ ರಾತ್ರಿ ಹನ್ನೊಂದೂವರೆಗೆ ಪಕ್ಕದಲ್ಲಿ ಗಲಾಟೆಯಾದರೆ ಗೋಡೆ ಬಡಿಯಬೇಡಿ, ಅವರ ಬಾಗಿಲಿಗೂ ಹೋಗಬೇಡಿ. ಕೌಂಟರಿಗೆ ಫೋನ್ ಮಾಡಿ, ಸದ್ದು ಬರುವ ರೂಮಿನ ನಂಬರ್ ಗೊತ್ತಿದ್ದರೆ ಹೇಳಿ, ಸೆಕ್ಯೂರಿಟಿಯವರನ್ನು ಕಳಿಸಲು ಕೇಳಿ, ಹೊತ್ತನ್ನು ಬರೆದಿಟ್ಟುಕೊಳ್ಳಿ. ಇಪ್ಪತ್ತು ನಿಮಿಷದಲ್ಲಿ ನಿಲ್ಲದಿದ್ದರೆ ಮತ್ತೆ ಫೋನ್ ಮಾಡಿ, ಸಂಕೋಚ ಬೇಡ. ರೂಮನ್ನೇ ಬದಲಾಯಿಸಬೇಕಾದರೆ ಮರುದಿನ ಬೆಳಿಗ್ಗೆ ಪಾರ್ಕಿಗೆ ಹೊರಡುವ ಮೊದಲು ಕೇಳಿ. ಹಳಬರು ಹನ್ನೊಂದಕ್ಕೆ ಖಾಲಿ ಮಾಡುತ್ತಾರೆ, ಹೊಸಬರಿಗೆ ಮೂರಕ್ಕೆ, ವಿಲ್ಲಾಗಳಲ್ಲಿ ನಾಲ್ಕಕ್ಕೆ ಕೊಡುತ್ತಾರೆ. ಒಳ್ಳೆಯ ರೂಮು ಖಾಲಿ ಇರುವುದು ಆ ನಡುವಿನ ಹೊತ್ತಿನಲ್ಲೇ. ಸಂಜೆ ಬಂದು ಕೇಳಿದರೆ ಅವೆಲ್ಲ ಹಂಚಿಹೋಗಿರುತ್ತವೆ.